ಕಟ್ಟಡದ ಮುಂದಿನ ತಾತ್ಕಾಲಿಕ ಕಂಬ

(ದಾವಣಗೆರೆಯಲ್ಲಿ ಕಟ್ಟಡ ಕೆಲಸಗಾರರು, ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಹಳೆಯ ವೈರ್‌ಮನ್ ಸಂಗಾತಿಯೊಬ್ಬರು ಮಾಡಿದ ಭಾಷಣ)



ನಾನು ಮೂವತ್ತು ವರ್ಷ ವೈರಿಂಗ್ ಕೆಲಸ ಮಾಡಿದವನು. ವೇದಿಕೆಯ ಮೇಲೆ ನಿಂತು ಮಾತನಾಡುವುದಕ್ಕಿಂತ ಏಣಿಯ ಮೇಲೆ ನಿಂತು ಮಾತನಾಡುವುದು ನನಗೆ ಸುಲಭ. ಅಧ್ಯಕ್ಷರು ಕಾರ್ಮಿಕರ ಹಕ್ಕುಗಳ ಮೇಲೆ ಮಾತನಾಡಿರೆಂದರು. ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿ ಹತ್ತು ಜನ ಕೂತಿದ್ದಾರೆ. ನಾನು ಒಂದು ಕಂಬದ ವಿಷಯ ಹೇಳುತ್ತೇನೆ. ಕಟ್ಟಡ ಏಳುವುದಕ್ಕೆ ಮೊದಲು ಎದ್ದು, ಕಟ್ಟಡ ಮುಗಿದ ಮೇಲೆ ಹೋಗುವ ಕಂಬ. ಅದಕ್ಕೆ ಟೆಂಪರರಿ ಕನೆಕ್ಷನ್ ಎಂದು ಎಲ್ಲರೂ ಹೇಳುತ್ತೀರಿ.

ಮನೆಗೆ ಹಿಂತಿರುಗುವಾಗ ದಾರಿಯಲ್ಲಿ ಸ್ವಲ್ಪ ನಿಂತು ನೋಡಿ. ಯಾವ ಬಡಾವಣೆಯಾದರೂ ಸರಿ, ಒಂದಿಲ್ಲೊಂದು ಕಟ್ಟಡ ಏಳುತ್ತಿರುತ್ತದೆ. ಅದರ ಮುಂದೆ ಒಂದು ಸರ್ವೆ ಗಳವೋ ತುಕ್ಕು ಹಿಡಿದ ಪೈಪೋ ವಾಲಿಕೊಂಡು ನಿಂತಿರುತ್ತದೆ. ಅದಕ್ಕೊಂದು ಹಲಗೆ, ಹಲಗೆಯ ಮೇಲೆ ಮೀಟರು, ಮೀಟರಿನ ಮೇಲೆ ಮಳೆಗೆಂದು ಕಟ್ಟಿದ ಸಿಮೆಂಟಿನ ಖಾಲಿ ಚೀಲ. ಅಲ್ಲಿಂದ ಎರಡೆಳೆಯ ವೈರು ಮರಳ ರಾಶಿಯ ಮೇಲೆ, ಕೆಸರಿನೊಳಗೆ, ಕಂಬಿಗಳ ನಡುವೆ ಹರಿದು ಹೋಗಿ ಮಿಕ್ಸರಿಗೋ ಪಂಪಿಗೋ ಮುಟ್ಟುತ್ತದೆ. ಪಿನ್ನು ಮುರಿದಿದ್ದರೆ ವೈರಿನ ತುದಿಯನ್ನು ಸುಲಿದು ಸಾಕೆಟ್ಟಿನ ತೂತಿಗೆ ಬೆಂಕಿಕಡ್ಡಿಯಿಂದ ಸಿಕ್ಕಿಸಿರುತ್ತಾರೆ. ಇದನ್ನು ನಾವು ದಿನವೂ ನೋಡುತ್ತೇವೆ. ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿದೆ.

ಇಲ್ಲಿ ಮುಂದಿನ ಸಾಲಿನಲ್ಲಿ ಗಿರಣಿಯಲ್ಲಿ ದುಡಿದ ಹಿರಿಯರಿದ್ದಾರೆ. ಅವರನ್ನು ಕೇಳುತ್ತೇನೆ. ನಿಮ್ಮ ಖಾತೆಯಲ್ಲಿ ಮೋಟಾರಿನ ಮೈಗೆ ಎಷ್ಟು ಅರ್ಥಿಂಗ್ ಪಟ್ಟಿ ಇದ್ದವು? ಎರಡು. ಒಂದು ಕಡಿದರೆ ಇನ್ನೊಂದಿರಲಿ ಎಂದು ಎರಡು. ಅದು ಧನಿಗಳ ಔದಾರ್ಯವಾಗಿರಲಿಲ್ಲ. 250 ವೋಲ್ಟಿಗೆ ಮೇಲ್ಪಟ್ಟ ಮೋಟಾರಿನ ಮೈಯನ್ನು ಬೇರೆ ಬೇರೆಯಾದ ಎರಡು ಸಂಪರ್ಕಗಳಿಂದ ನೆಲಕ್ಕೆ ಸೇರಿಸಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. ಆ ನಿಯಮ ಇಂದಿಗೂ ಹೊಸ ಹೆಸರಿನಲ್ಲಿ ಉಳಿದಿದೆ. ನೆಲಕ್ಕೆ ಬಿಗಿದ ಮೋಟಾರಿಗೆ ಮಾತ್ರವಲ್ಲ, ಎತ್ತಿಕೊಂಡು ತಿರುಗುವ ಮೋಟಾರಿಗೂ ಅದು ಅನ್ವಯಿಸುತ್ತದೆ. ಗಿರಣಿಯಲ್ಲಿ ಅದು ನಡೆಯಿತು, ಏಕೆಂದರೆ ಗಿರಣಿಗೆ ಗೇಟಿತ್ತು, ಗೇಟಿನ ಮುಂದೆ ಸಂಘವಿತ್ತು, ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರುವ ದಿನ ಎಲ್ಲರಿಗೂ ಗೊತ್ತಿತ್ತು. ನಮ್ಮೂರಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ತಂದೆ ಗಿರಣಿಯಲ್ಲಿದ್ದರೆ ಮಗ ಇಂದು ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಅದೇ ವಿದ್ಯುತ್ತು, ಅದೇ ಮೋಟಾರು. ಆದರೆ ಮಗನಿಗೆ ಗೇಟೂ ಇಲ್ಲ, ಸಂಘವೂ ಇಲ್ಲ, ಅರ್ಥಿಂಗ್ ಪಟ್ಟಿಯೂ ಇಲ್ಲ.

ವಿದ್ಯುತ್ತು ನಮ್ಮ ನಾಡಿಗೆ ಬಂದ ಕ್ರಮವೇ ಹಾಗಿದೆಯೋ ಏನೋ. ಶಿವನಸಮುದ್ರದ ಬೆಳಕು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಅದು 1905ರಲ್ಲಿ ಬಂತು. ಹೊಳೆಯ ದಂಡೆಯ ಹಳ್ಳಿಗಳ ಪಾಳಿ ಬಂದದ್ದು ಅದಕ್ಕೂ ಬಹಳ ಹಿಂದೆ ಬಿದ್ದು. ಬೆಳಕು ಮೊದಲು ಆಸ್ತಿಯನ್ನು ಹುಡುಕಿಕೊಂಡು ಹೋಗುತ್ತದೆ, ರಕ್ಷಣೆಯೂ ಹಾಗೆಯೇ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಇದನ್ನು ಹೇಳದೆ ಮುಂದಿನದನ್ನು ಹೇಳುವ ಅಧಿಕಾರ ನನಗಿಲ್ಲ.

ಬಹಳ ವರ್ಷಗಳ ಹಿಂದೆ ಒಂದು ಮನೆಯ ಕೆಲಸಕ್ಕೆ ನಾನೇ ಕಂಬ ನೆಟ್ಟೆ. ಮೀಟರು ಕೂರಿಸಿದೆ, ಮೇನ್ ಸ್ವಿಚ್ಚು ಹಾಕಿದೆ, ಅರ್ಥಿಂಗ್ ಗುಂಡಿ ಮಾತ್ರ ಉಳಿಯಿತು. ಮನೆಯ ಯಜಮಾನರು, "ನಾಳೆ ಮೋಲ್ಡ್ ಐತಿ, ಗುಂಡಿ ಆಮ್ಯಾಲೆ ತೋಡಿಸಿದ್ರಾತು, ಟೆಂಪರರಿ ಅಲ್ಲೇನು?" ಎಂದರು. ಕೆಟ್ಟ ಮನುಷ್ಯರಲ್ಲ. ಸಾಲ ಮಾಡಿ ಮನೆ ಕಟ್ಟುತ್ತಿದ್ದವರು. ನಾನೂ ಹೂಂ ಎಂದೆ. ನನಗೆ ಅಂದು ಸಂಜೆ ಇನ್ನೊಂದು ಕೆಲಸವಿತ್ತು. ಮರುದಿನ ಮೋಲ್ಡ್ ಹಾಕುವಾಗ ವೈಬ್ರೇಟರಿನ ವೈರು ಎಲ್ಲೋ ಕಂಬಿಯ ಮೊನೆಗೆ ಉಜ್ಜಿ, ಮೋಟಾರಿನ ಮೈಗೆ ಕರೆಂಟು ಹತ್ತಿತು. ವೈಬ್ರೇಟರ್ ಹಿಡಿದಿದ್ದವನು ಹತ್ತೊಂಬತ್ತು ವರ್ಷದ ಹುಡುಗ. ಬರಿಗಾಲು, ಹಸಿ ಕಾಂಕ್ರೀಟು, ಕಾಲಡಿಯಲ್ಲಿ ಇಡೀ ಕಟ್ಟಡದ ಕಂಬಿ. ಮೇಲಿದ್ದವರು ಕೂಗಿದರು. ಕೆಳಗಿದ್ದವರು ಕಂಬದ ಕಡೆ ಓಡಿದರು. ಪೆಟ್ಟಿಗೆಗೆ ಬೀಗ ಹಾಕಿತ್ತು. ರಾತ್ರಿ ಯಾರೂ ಕರೆಂಟು ಕದಿಯದಿರಲಿ ಎಂದು ಹಾಕಿದ ಬೀಗ, ಬೀಗದ ಕೈ ಯಜಮಾನರ ಮನೆಯಲ್ಲಿ. ಒಬ್ಬ ಹಾರೆಯಿಂದ ವೈರನ್ನೇ ಹೊಡೆದು ಕಡಿದ. ಅಷ್ಟರಲ್ಲಿ ಮುಗಿದಿತ್ತು.

ಕಾಲು ಜಾರಿ ಬಿದ್ದ ಎಂದು ಬರೆಸಿದರು. ಹುಡುಗನ ತಾಯಿಗೆ ಒಂದಿಷ್ಟು ಹಣ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹದಿನೈದು ದಿನ ಬಿಟ್ಟು ಯಜಮಾನರೇ ಕರೆಸಿ ಗುಂಡಿ ತೋಡಿಸಿ ಅರ್ಥಿಂಗ್ ಮಾಡಿಸಿದರು. ಒಪ್ಪೊತ್ತಿನ ಕೆಲಸ.

ಆ ದಿನ ಫ್ಯೂಸು ಹೋಗಿರಲಿಲ್ಲ. ಇದನ್ನು ಕೇಳಿ ಬಹಳ ಜನ ಆಶ್ಚರ್ಯಪಡುತ್ತಾರೆ. ಫ್ಯೂಸಿತ್ತಲ್ಲ, ಏಕೆ ಹೋಗಲಿಲ್ಲ ಎಂದು. ಫ್ಯೂಸು ಇರುವುದು ಮನುಷ್ಯನಿಗಾಗಿ ಅಲ್ಲ, ವೈರಿಗಾಗಿ. ಲೆಕ್ಕ ಕೇಳಿ. ನಮ್ಮ ಕರೆಂಟು 230 ವೋಲ್ಟು. ಒದ್ದೆಯಾದ ಮೈಯ ತಡೆಯನ್ನು ಸುಮಾರು ಸಾವಿರ ಓಮ್ ಎಂದು ಹಿಡಿಯೋಣ. ಆಗ ಮೈಯಲ್ಲಿ ಹರಿಯುವುದು ಆಂಪಿಯರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ, ಅಂದರೆ ಮಿಲಿ ಆಂಪಿಯರಿನಲ್ಲಿ, 230. ಹತ್ತು ಹದಿನೈದು ಮಿಲಿ ಆಂಪಿಯರಿಗೆ ಹಿಡಿದ ಕೈ ಬಿಡುವುದಿಲ್ಲ. ಐವತ್ತು ದಾಟಿ ಒಂದೆರಡು ಸೆಕೆಂಡು ನಿಂತರೆ ಗುಂಡಿಗೆ ತಾಳ ತಪ್ಪುವ ಅಪಾಯ. ಐದು ಆಂಪಿಯರಿನ ಫ್ಯೂಸೆಂದರೆ 5000 ಮಿಲಿ ಆಂಪಿಯರು. 230 ಹರಿದರೆ ಆ ಫ್ಯೂಸಿಗೆ ಬೆಚ್ಚಗೂ ಆಗುವುದಿಲ್ಲ. ಎಂ.ಸಿ.ಬಿ.ಯೂ ಅಷ್ಟೇ. ಹುಡುಗ ಸಾಯುತ್ತಿದ್ದರೂ ಪೆಟ್ಟಿಗೆಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು.

ಹಾಗಾದರೆ ಅರ್ಥಿಂಗ್ ಮಾಡಿದ್ದರೆ ಸಾಕಿತ್ತೇ ಎಂದು ಕೇಳುತ್ತೀರಿ. ನಾನೂ ಬಹಳ ಕಾಲ ಸಾಕಿತ್ತೆಂದೇ ತಿಳಿದು ಕೊರಗಿದೆ. ಆದರೆ ಪೂರ್ತಿ ಸಾಕಾಗುವುದಿಲ್ಲ. ತಾತ್ಕಾಲಿಕ ಕಂಬಕ್ಕೆ ಗಟ್ಟಿ ನೆಲದಲ್ಲಿ ಒಂದು ಸರಳು ಹೊಡೆದರೆ ಅದರ ತಡೆ 20 ಓಮ್ ಇರುವುದು ಏನೂ ದೊಡ್ಡದಲ್ಲ, ಬೇಸಿಗೆಯಲ್ಲಿ ಹೆಚ್ಚೇ ಇರುತ್ತದೆ. 230ನ್ನು 20ರಿಂದ ಭಾಗಿಸಿ. ಹನ್ನೊಂದೂವರೆ ಆಂಪಿಯರು. 32 ಆಂಪಿಯರಿನ ಎಂ.ಸಿ.ಬಿ. ಅದಕ್ಕೆ ಕದಲುವುದಿಲ್ಲ. ಮೋಟಾರಿನ ಮೈಯಲ್ಲಿ ಕರೆಂಟು ಹಾಗೆಯೇ ನಿಂತಿರುತ್ತದೆ. ಮಣ್ಣಿನ ಕಟ್ಟಡ ಕೆಲಸದಲ್ಲಿ ಅರ್ಥಿಂಗ್ ಅರ್ಧ ಕೆಲಸ ಮಾತ್ರ.

ಉಳಿದರ್ಧವನ್ನು ಮಾಡುವುದು ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು. ಹಳಬರು ಇ.ಎಲ್.ಸಿ.ಬಿ. ಎನ್ನುತ್ತಾರೆ, ಅಂಗಡಿಯಲ್ಲಿ ಹಾಗೆ ಕೇಳಿದರೂ ಕೊಡುತ್ತಾರೆ. ಅದು ಮಾಡುವುದು ಕಿರಾಣಿ ಅಂಗಡಿಯ ಲೆಕ್ಕವನ್ನೇ. ಒಂದು ತಂತಿಯಲ್ಲಿ ಹೋದದ್ದೆಷ್ಟು, ಇನ್ನೊಂದರಲ್ಲಿ ಬಂದದ್ದೆಷ್ಟು? ಹೋದದ್ದೆಲ್ಲ ಹಿಂದಕ್ಕೆ ಬರದಿದ್ದರೆ ದಾರಿಯಲ್ಲಿ ಎಲ್ಲೋ ಸೋರಿದೆ ಎಂದಾಯಿತು. ಸೋರಿದ್ದು 30 ಮಿಲಿ ಆಂಪಿಯರಾದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಅದು ಕರೆಂಟನ್ನು ಕಡಿದುಹಾಕುತ್ತದೆ. ಅರ್ಥಿಂಗ್ ಇದ್ದರೆ ಮನುಷ್ಯ ಮುಟ್ಟುವ ಮೊದಲೇ ಕಡಿಯುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಮನುಷ್ಯ ಮುಟ್ಟಿದ ಮೇಲೆ ಕಡಿಯುತ್ತದೆ. ಅದಕ್ಕೇ ಎರಡೂ ಬೇಕು. ಒಂದು ಮಾತನ್ನು ಮುಚ್ಚಿಡಬಾರದು. ಒಬ್ಬನು ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಹಿಡಿದರೆ ಈ ಸ್ವಿಚ್ಚು ಅವನನ್ನು ಮೋಟಾರೆಂದೇ ತಿಳಿಯುತ್ತದೆ, ಕಡಿಯುವುದಿಲ್ಲ. ಆದ್ದರಿಂದ ಸುಲಿದ ವೈರಿಗೂ ಬೆಂಕಿಕಡ್ಡಿಗೂ ಇದು ಪರಿಹಾರವಲ್ಲ. 30 ಮಿಲಿ ಆಂಪಿಯರ್ ಎಂದು ಕೇಳಿಯೇ ಕೊಳ್ಳಬೇಕು. 100, 300ರವು ಬೆಂಕಿ ತಡೆಯುವುದಕ್ಕೆ ಬೇರೆ ಇವೆ. ಬೆಲೆ ಹತ್ತು ಮೂಟೆ ಸಿಮೆಂಟಿನ ಬೆಲೆಯೊಳಗೆ ಮುಗಿಯುತ್ತದೆ. ಒಂದು ಮನೆಗೆ ಎಷ್ಟು ನೂರು ಮೂಟೆ ಬೇಕೆಂಬುದು ಇಲ್ಲಿರುವ ಮೇಸ್ತ್ರಿಗಳಿಗೆ ಗೊತ್ತು.

ಇನ್ನು ಕಂಬದ ಮಾತು. ಮೊದಲು ಜಾಗ. ಪಾಯ ತೋಡುವ ಸಾಲಿನಲ್ಲಿ, ಸಂಪಿನ ಅಂಚಿನಲ್ಲಿ, ಮರಳು ಲಾರಿ ಹಿಂದಕ್ಕೆ ಬರುವ ಕಡೆ ಕಂಬ ನೆಡಬೇಡಿ. ನಾನು ಕಂಡಂತೆ ವಾಲಿದ ಕಂಬಗಳಲ್ಲಿ ಹೆಚ್ಚಿನವು ಲಾರಿಯ ಹಿಂಬದಿ ತಗುಲಿದವು. ಕಂಬದ ಉದ್ದದ ಆರರಲ್ಲೊಂದು ಪಾಲು ನೆಲದೊಳಗಿರಬೇಕು, ಸುತ್ತ ಕಲ್ಲು ಹಾಕಿ ದಿಮ್ಮಿಸಬೇಕು, ತಂತಿ ಎಳೆಯುವ ದಿಕ್ಕಿಗೆ ಎದುರಾಗಿ ಒಂದು ಸ್ಟೇ ಕಟ್ಟಬೇಕು. ಬೀದಿ ದಾಟಿ ಬರುವ ಸರ್ವೀಸ್ ವೈರು ಲಾರಿಯ ಮೇಲೆ ಕೂತವನ ತಲೆಗೂ ಸಿಗದಷ್ಟು ಎತ್ತರವಿರಬೇಕು. ಬೀದಿಗೆ ಅಡ್ಡಲಾಗಿ ಹೋಗುವ ಎಲ್.ಟಿ. ಲೈನಿಗೆ ನಿಯಮ ಹೇಳುವುದು 5.8 ಮೀಟರು, ಅಂದರೆ ಹತ್ತೊಂಬತ್ತು ಅಡಿ. ನಿಮ್ಮ ವೈರಿಗೂ ಅದನ್ನೇ ಅಳತೆಗೋಲೆಂದು ಇಟ್ಟುಕೊಳ್ಳಿ.

ಮೇಲೆ ಇನ್ನೊಂದನ್ನು ನೋಡಿ. ಕಟ್ಟಡದ ಪಕ್ಕದಲ್ಲಿ ಹೋಗುವ ಇಲಾಖೆಯ ಲೈನು. ಅದು 11 ಸಾವಿರ ವೋಲ್ಟಿನದಾದರೆ ಗೋಡೆಯಿಂದ ಅಡ್ಡಕ್ಕೆ 1.2 ಮೀಟರು, ಮೇಲಕ್ಕೆ 3.7 ಮೀಟರು ದೂರವಿರಲೇಬೇಕು. ಕಟ್ಟಡ ಮುಗಿದಾಗ ಇಷ್ಟು ದೂರ ಉಳಿದಿರಬಹುದು. ಆದರೆ ಕಟ್ಟುವಾಗ ಸಾರುವೆಯ ಗಳ ಹೊರಕ್ಕೆ ಚಾಚುತ್ತದೆ, ನಲವತ್ತು ಅಡಿ ಉದ್ದದ ಕಂಬಿಯನ್ನು ಹುಡುಗರು ನೆಟ್ಟಗೆ ಎತ್ತಿ ಮೇಲಕ್ಕೆ ಕೊಡುತ್ತಾರೆ. ಆ ಲೈನಿಗೆ ಯಾವ ಆರ್.ಸಿ.ಸಿ.ಬಿ.ಯೂ ನಿಮ್ಮ ಕೈಯಲ್ಲಿಲ್ಲ. ಆ ದಿನ ಲೈನ್ ಬಂದ್ ಮಾಡಿಸಿ ಎಂದು ಬರೆದುಕೊಟ್ಟು ಕೇಳುವುದೊಂದೇ ದಾರಿ.

ಪೆಟ್ಟಿಗೆ ಎದೆಮಟ್ಟಕ್ಕಿರಲಿ, ಮಳೆ ನುಗ್ಗದಿರಲಿ. ಮೀಟರಿಗೆ ಬೇಕಾದರೆ ಬೀಗ ಹಾಕಿ. ಆದರೆ ಮೇನ್ ಸ್ವಿಚ್ಚು ಬೀಗದ ಹೊರಗಿರಬೇಕು, ಕೆಲಸ ನಡೆಯುವಾಗ ಅದರ ಮುಂದೆ ಇಟ್ಟಿಗೆ ಜೋಡಿಸಬಾರದು. ಅರ್ಥಿಂಗಿಗೆ ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪು, ನೀರು ಹೊಯ್ಯಲು ಮೇಲೊಂದು ಬಾಯಿ. ಕಟ್ಟಡಕ್ಕೆ ದಿನವೂ ನೀರು ಹೊಡೆಯುವ ಹುಡುಗ ಆ ಬಾಯಿಗೂ ಒಂದು ಕೊಡ ಹಾಕಿದರೆ ಸಾಕು. ಅಲ್ಲಿಂದ ಮುಂದಕ್ಕೆ ಮೂರೆಳೆಯ ಕೇಬಲ್ಲು, ಮೂರನೆಯ ಹಸಿರು ಎಳೆ ಯಂತ್ರದ ಮೈಗೆ ಮುಟ್ಟಿರಬೇಕು. ಕೇಬಲ್ಲನ್ನು ನೆಲದ ಮೇಲೆ ಎಳೆಯಬೇಡಿ, ಮರದ ಗಳದ ಮೇಲೆ ತೂಗುಹಾಕಿ. ಕಂಬಿಗೆ ಮಾತ್ರ ಕಟ್ಟಬೇಡಿ. ಒಂದು ಕಂಬಿಗೆ ಕರೆಂಟು ಹತ್ತಿದರೆ ಇಡೀ ಮೋಲ್ಡಿನ ಕಂಬಿಗೆ ಹತ್ತಿದಂತೆಯೇ.

ಬ್ರಿಟನ್ನಿನಲ್ಲಿ ಕಟ್ಟಡ ಕೆಲಸದ ಕೈಯಂತ್ರಗಳಿಗೆ 110 ವೋಲ್ಟು ಕೊಡುತ್ತಾರೆ, ಹಳದಿ ಬಣ್ಣದ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟು. ಅದರ ನಡುಬಿಂದುವನ್ನು ನೆಲಕ್ಕೆ ಸೇರಿಸಿರುವುದರಿಂದ ಯಂತ್ರ ಕೆಟ್ಟರೂ ಕೆಲಸಗಾರನ ಮೈಗೆ ಸಿಗುವುದು 55 ವೋಲ್ಟು. ಮನೆಗೆ 230, ಆದರೆ ಕೆಸರಿನಲ್ಲಿ ನಿಂತು ದುಡಿಯುವವನಿಗೆ 55. ನಮ್ಮಲ್ಲಿ ಕೆಸರಿನಲ್ಲಿ ನಿಂತವನಿಗೂ ಪೂರಾ 230ನ್ನೇ ಕೊಡುತ್ತೇವೆ, ಅದೂ ಚಪ್ಪಲಿ ಇಲ್ಲದ ಕಾಲಿಗೆ.

ವ್ಯಾಪಾರಿ ಬಂಧುಗಳಿಗೆ ಈ ಕಥೆ ದೂರದ್ದೆಂದು ತೋರಬಹುದು. ದೂರದ್ದಲ್ಲ. ನಿಮ್ಮ ಅಂಗಡಿಯ ಪಕ್ಕದಲ್ಲಿ ಕಟ್ಟಡ ಏಳುತ್ತದೆ. ಕಂಬ ಹಾಕಿಸಲು ಅರ್ಜಿ, ಠೇವಣಿ, ಓಡಾಟ. ಟೆಂಪರರಿ ದರವೂ ಮನೆ ದರಕ್ಕಿಂತ ಹೆಚ್ಚು. ಅವರು ಬಂದು, "ಅಣ್ಣಾ, ನಾಲ್ಕು ದಿನ ನಿಮ್ಮ ಅಂಗಡಿಯಿಂದ ಒಂದು ವೈರು ಕೊಡಿ, ಬಿಲ್ಲು ನಾವು ಕೊಡುತ್ತೇವೆ" ಎನ್ನುತ್ತಾರೆ. ನೆರೆಹೊರೆಯೆಂದು ನೀವು ಕೊಡುತ್ತೀರಿ. 2003ರ ವಿದ್ಯುತ್ ಕಾಯ್ದೆಯ 126ನೆಯ ಕಲಮಿನ ಪ್ರಕಾರ ಇದು ಅನಧಿಕೃತ ಬಳಕೆ. ಎರಡು ಪಟ್ಟು ದರ ಹಾಕುತ್ತಾರೆ, ಎಂದಿನಿಂದ ಕೊಟ್ಟಿರೆಂದು ತಿಳಿಯದಿದ್ದರೆ ಹನ್ನೆರಡು ತಿಂಗಳ ಲೆಕ್ಕ ಹಿಡಿಯುತ್ತಾರೆ. ಅದು ಹಣದ ಮಾತಾಯಿತು. ನಿಮ್ಮ ಮಂಡಕ್ಕಿ ಅಂಗಡಿಯ ಒಂದು ದೀಪ, ಒಂದು ಫ್ಯಾನಿನ ವೈರಿನ ಮೇಲೆ ಮಿಕ್ಸರು ಓಡುವಾಗ ಅಲ್ಲೊಬ್ಬ ಸತ್ತರೆ, ಆ ಕರೆಂಟು ಹೋದದ್ದು ನಿಮ್ಮ ಮೀಟರಿನಿಂದ. ಕಂಟ್ರಾಕ್ಟರು ಅಂದು ನಿಮ್ಮನ್ನು ಮುಂದಕ್ಕೆ ತಳ್ಳಿ ತಾನು ಹಿಂದೆ ಸರಿಯುತ್ತಾನೆ.

ಇನ್ನೊಂದು ಸಂಗತಿ. ತಾತ್ಕಾಲಿಕವೆಂದರೆ ಆರು ತಿಂಗಳು ಎಂದುಕೊಂಡಿದ್ದ ಕಾಲ ಹೋಯಿತು. ಕಟ್ಟಡ ಪೂರ್ಣಗೊಂಡ ಪತ್ರ ತೋರಿಸದೆ ಖಾಯಂ ವಿದ್ಯುತ್ತು ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಿಯಮ ಮೀರಿ ಮಹಡಿ ಏರಿಸುವವರನ್ನು ತಡೆಯಲು ಬಂದ ಮಾತು, ತಪ್ಪೆನ್ನಲಾರೆ. ಆದರೆ 2025ರಲ್ಲಿ ನಮ್ಮ ರಾಜ್ಯದಲ್ಲಿ ಅನೇಕ ಸಣ್ಣ ಮನೆಗಳವರು ಗೃಹಪ್ರವೇಶ ಮಾಡಿಯೂ ಟೆಂಪರರಿ ವೈರಿನ ಮೇಲೆಯೇ ಸಂಸಾರ ಹೂಡಬೇಕಾಯಿತು. ಆಮೇಲೆ 1,200 ಚದರ ಅಡಿವರೆಗಿನ ನಿವೇಶನದ ಮನೆಗಳಿಗೆ ಸರ್ಕಾರ ವಿನಾಯಿತಿ ಪ್ರಕಟಿಸಿತು. ನಾನು ಹೇಳುವುದಿಷ್ಟು: ಮೋಲ್ಡಿಗೆಂದು ಎಳೆದ ವೈರಿನ ಮೇಲೆ ಮಕ್ಕಳು ಮರಿ ಇರುವ ಮನೆ ನಡೆಯಿತು. ಅಂದಮೇಲೆ ಆ ಕಂಬವನ್ನು ಮೊದಲ ದಿನವೇ ಖಾಯಂ ಕಂಬದಂತೆ ನೆಡುವುದು ವಾಸಿ.

ಕಾನೂನು ಇಲ್ಲವೇ ಎಂದರೆ, ಇದೆ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರು ಪರೀಕ್ಷೆ ಮಾಡಿ ಸಹಿ ಹಾಕಬೇಕು. ಸಹಿ ಬರುತ್ತದೆ, ಸಹಿ ಹಾಕಿದವನು ಎಷ್ಟೋ ಸಲ ಬರುವುದಿಲ್ಲ. ವಿದ್ಯುತ್ತಿನಿಂದ ಸಾವಾದರೆ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ವರದಿ ಹೋಗಬೇಕು. ಕಾಲು ಜಾರಿ ಬಿದ್ದನೆಂದು ಬರೆಸಿದರೆ ಆ ವರದಿಯೂ ಹುಟ್ಟುವುದಿಲ್ಲ, ವಿಚಾರಣೆಯೂ ಹುಟ್ಟುವುದಿಲ್ಲ. ಆದ್ದರಿಂದ ಇಂಥ ಸಾವು ಕಂಡವರು ಪಂಚನಾಮೆಯಲ್ಲಿ ಕರೆಂಟು ಎಂಬ ಮಾತು ಬರೆಯುವವರೆಗೆ ಜಾಗ ಬಿಟ್ಟು ಕದಲಬೇಡಿ. ಕಟ್ಟಡ ಕಾರ್ಮಿಕರ ಹೆಸರಿನಲ್ಲಿ ಕಟ್ಟುವ ಖರ್ಚಿನ ನೂರಕ್ಕೆ ಒಂದರಂತೆ ಸುಂಕ ತೆಗೆಯುವುದು 1996ರ ಕಾಯ್ದೆಯಿಂದ ಬಂತು. ಆ ಕಾಲದ ಕಾಯ್ದೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೊಳಗೆ ಸೇರಿಹೋದವು. ಹೆಸರು ಬದಲಾಯಿತು, ಸುಂಕ ಉಳಿಯಿತು. ಮಂಡಳಿಯಲ್ಲಿ ಹೆಸರು ಬರೆಸದವನು ಸತ್ತರೆ ಅವನ ಮನೆಯವರು ಹೋಗಿ ನಿಲ್ಲುವ ಬಾಗಿಲು ಇಕ್ಕಟ್ಟಾಗುತ್ತದೆ. ಇಲ್ಲಿ ಕೈ ಎತ್ತಿಸಿ ನೋಡಿದರೆ ಅರ್ಧ ಜನ ಬರೆಸಿರಲಾರಿರಿ.

ಭಾಷಣಕ್ಕೆ ಮೊದಲು ಹೊರಗೆ ಒಬ್ಬ ಸೆಂಟ್ರಿಂಗ್ ತಮ್ಮ ನನ್ನನ್ನು ಕೇಳಿದ: "ಯಣ್ಣಾ, ಅರ್ಥಿಂಗ್ ಇಲ್ಲ, ಮುಟ್ಟಲ್ಲ ಅಂದ್ರೆ ನಾಳಿಂದ ಬರಬ್ಯಾಡ ಅಂತಾರೆ. ಆಗ?" ಈ ಪ್ರಶ್ನೆಗೆ ಧೈರ್ಯದ ಮಾತು ಹೇಳಿ ಚಪ್ಪಾಳೆ ಹೊಡೆಸಿಕೊಳ್ಳಬಹುದು. ನಾಳೆ ಕೂಲಿ ಹೋಗುವುದು ಅವನದು, ನನ್ನದಲ್ಲ. ಒಬ್ಬನೇ ಹೇಳಿದರೆ ಒಬ್ಬನನ್ನೇ ತೆಗೆಯುತ್ತಾರೆ, ಇದು ಗಿರಣಿಯವರಿಗೆ ಹೊಸ ಪಾಠವಲ್ಲ. ಮೋಲ್ಡಿನ ದಿನ ಮಾತ್ರ ಕಂಟ್ರಾಕ್ಟರಿಗೆ ಎಲ್ಲರೂ ಒಟ್ಟಿಗೆ ಬೇಕು, ಅಂದು ನಿಲ್ಲಿಸಿದರೆ ಕಲಸಿದ ಕಾಂಕ್ರೀಟು ಗಟ್ಟಿಯಾಗುತ್ತದೆ. ಕೇಳುವುದಿದ್ದರೆ ಹಿಂದಿನ ಸಂಜೆ, ಮೇಸ್ತ್ರಿಯನ್ನು ಮುಂದಿಟ್ಟುಕೊಂಡು, ತಂಡವಾಗಿ ಕೇಳಿ. ಕರೆಂಟಿನ ದೂರಿಗೆ 1912 ಎಂಬ ನಂಬರಿದೆ.

ಇದಕ್ಕಿಂತ ಸುಲಭವಾದ ದಾರಿಯೊಂದು ನನ್ನ ತಲೆಯಲ್ಲಿದೆ, ಅದಕ್ಕಾಗಿಯೇ ಇಂದು ಬಂದೆ. ಮಿಕ್ಸರು ಬಾಡಿಗೆಗೆ ಸಿಗುತ್ತದೆ. ಸೆಂಟ್ರಿಂಗ್ ಶೀಟು, ಜಾಕಿ, ವೈಬ್ರೇಟರು ಎಲ್ಲ ಬಾಡಿಗೆಗೆ ಸಿಗುತ್ತವೆ. ಒಳ್ಳೆಯ ಕರೆಂಟು ಪೆಟ್ಟಿಗೆ ಏಕೆ ಸಿಗುವುದಿಲ್ಲ? ಯಜಮಾನರು ಅದನ್ನು ಕೊಳ್ಳದಿರುವುದು ಆರು ತಿಂಗಳ ಕೆಲಸಕ್ಕೆ ಏಕೆ ಎಂಬ ಲೆಕ್ಕದಿಂದ. ಒಂದೇ ಪೆಟ್ಟಿಗೆ ಹತ್ತು ಕಟ್ಟಡಕ್ಕೆ ತಿರುಗಿದರೆ ಆ ಲೆಕ್ಕ ಬೀಳುತ್ತದೆ. ನಮ್ಮ ಸಂಘ ಒಂದು ಸಹಕಾರಿ ಮಾಡಿ ಮೊದಲಿಗೆ ಹತ್ತು ಪೆಟ್ಟಿಗೆ ಮಾಡಿಸಲಿ. ಒಂದರಲ್ಲಿ ಮೇನ್ ಸ್ವಿಚ್ಚು, 30ರ ಆರ್.ಸಿ.ಸಿ.ಬಿ., ಮುಚ್ಚಳವಿರುವ ಮೂರು ಸಾಕೆಟ್ಟು, ಅದಕ್ಕೆ ಹೊಂದುವ ಪಿನ್ನು, ಮೂರೆಳೆಯ ಕೇಬಲ್ಲು, ಅರ್ಥಿಂಗ್ ಪೈಪು. ಎಲೆಕ್ಟ್ರಿಕಲ್ ಅಂಗಡಿಯ ಬಂಧುಗಳು ಸಾಮಾನನ್ನು ಖರೀದಿ ದರಕ್ಕೆ ಕೊಡಲಿ, ಬಾಡಿಗೆ ಬಂದಂತೆ ತೀರಿಸುತ್ತೇವೆ. ಕೂರಿಸಿ ಪರೀಕ್ಷೆ ಮಾಡಿ ಕೊಡುವುದು ನನ್ನ ಕೆಲಸ, ಕೂಲಿ ಬೇಡ. ಲೈಸೆನ್ಸ್ ಇರುವ ಇಬ್ಬರು ಕಂಟ್ರಾಕ್ಟರು ಬಂದು ನೋಡಿ ಸಹಿ ಹಾಕಲು ಒಪ್ಪಿದ್ದಾರೆ. ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಹಿರಿಯರು ಇಬ್ಬರು ಮೂವರು ಇಲ್ಲಿದ್ದಾರೆ. ಅವರು ವಾರಕ್ಕೊಂದು ಸಲ ಹೋಗಿ ಗುಂಡಿ ಒತ್ತಿ ನೋಡಿ ಬಂದರೆ ಆಯಿತು.

ಮೊದಲ ಪೆಟ್ಟಿಗೆಯನ್ನು ನನ್ನ ಕೈಯಿಂದ ಖರ್ಚು ಹಾಕಿ ಮಾಡಿ ತಂದಿದ್ದೇನೆ. ಮೇಜಿನ ಮೇಲಿದೆ. ಸಭೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಬನ್ನಿ. ಅದರ ಮೇಲೆ ಟಿ ಎಂದು ಬರೆದ ಸಣ್ಣ ಗುಂಡಿಯಿದೆ, ಒತ್ತಿ ನೋಡಿ. ಟಪ್ ಎಂದು ದೀಪ ಆರುತ್ತದೆ. ನಾಳೆ ನಿಮ್ಮ ಕೆಲಸದ ಜಾಗದ ಪೆಟ್ಟಿಗೆಯಲ್ಲಿ ಆ ಗುಂಡಿ ಇದೆಯೇ, ಒತ್ತಿದರೆ ಕರೆಂಟು ಹೋಗುತ್ತದೆಯೇ ನೋಡಿಕೊಂಡು ಬಂದು ಭಾನುವಾರ ನನಗೆ ಹೇಳಿ. ಇಲ್ಲವೆಂದು ಹೇಳಿದವರ ಜಾಗದ ಹೆಸರನ್ನು ಬರೆದುಕೊಳ್ಳಲು ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟಿದ್ದೇವೆ.